ಬೋರ್‌ವೆಲ್ ನೀರಿನ ಫ್ಲೋರೈಡ್ ಅಳೆಯುವ ಪ್ಲಾಸ್ಟಿಕ್ ಫೈಬರ್ ಸೆನ್ಸರ್: ಶುರುವಿನಿಂದ ಕೊನೆಯವರೆಗೆ

ಪ್ರಾಜೆಕ್ಟ್ ಮಾಡುವ ಹುಡುಗರು ಎಡವುವುದು ಹೆಚ್ಚುಕಡಿಮೆ ಒಂದೇ ಜಾಗದಲ್ಲಿ. ಫೈಬರ್ ತಗೊಂಡು, ಮಧ್ಯದಲ್ಲಿ ಸ್ವಲ್ಪ ಕೆರೆದು, ಯು ಆಕಾರಕ್ಕೆ ಬಗ್ಗಿಸಿ, ಒಂದು ತುದಿಗೆ ಎಲ್‌ಇಡಿ ಇನ್ನೊಂದು ತುದಿಗೆ ಎಲ್‌ಡಿಆರ್ (ಬಿದ್ದ ಬೆಳಕಿಗೆ ತಕ್ಕಂತೆ ರೋಧ ಬದಲಾಗುವ ಬಿಡಿಭಾಗ) ಅಂಟಿಸಿ ಫ್ಲೋರೈಡ್ ನೀರಿಗೆ ಅದ್ದುತ್ತಾರೆ. ರೀಡಿಂಗ್ ಬದಲಾಗುತ್ತದೆ, ಗ್ರಾಫ್ ಕೂಡ ಚೆನ್ನಾಗಿ ಬರುತ್ತದೆ. ಮಾರನೇ ದಿನ ಅದೇ ನೀರಿಗೆ ಬೇರೆಯದೇ ರೀಡಿಂಗ್. ಫೈಬರ್ ಕೆಟ್ಟಿರುವುದಿಲ್ಲ. ಅದು ಫ್ಲೋರೈಡನ್ನು ಮೊದಲ ದಿನವೂ ಅಳೆದಿರಲಿಲ್ಲ, ಅಷ್ಟೇ.

ಫೈಬರ್‌ಗೆ ರಾಸಾಯನಿಕ ಗೊತ್ತಾಗುವುದಿಲ್ಲ. ಎಷ್ಟು ಬೆಳಕು ಬಂತು ಅನ್ನುವುದೊಂದೇ ಅದಕ್ಕೆ ಗೊತ್ತು. ಫ್ಲೋರೈಡ್ ಇದೆ ಅಂತ ಗುರುತಿಸುವ ಕೆಲಸ ಒಂದು ಬಣ್ಣದ್ದು. ಆ ಬಣ್ಣ ಎಷ್ಟು ಬದಲಾಯಿತು ಅಂತ ಹೇಳುವುದು ಫೈಬರ್ ಕೆಲಸ. ಕೆಳಗಿನ ಹಂತಗಳೆಲ್ಲ ಈ ಎರಡು ಕೆಲಸ ಒಂದಕ್ಕೊಂದು ಬೆರೆಯದ ಹಾಗೆ ನೋಡಿಕೊಳ್ಳುವುದಕ್ಕೆ ಇವೆ. ಹಂತಗಳ ಕ್ರಮ ಬದಲಾಯಿಸಬೇಡಿ. ಮುಖ್ಯವಾಗಿ, ನಾಲ್ಕನೇ ಹಂತ ಪಾಸಾಗದೆ ಐದನೆಯದಕ್ಕೆ ಕೈ ಹಾಕಬೇಡಿ.

## ಮೊದಲು ಒಂದು ತೀರ್ಮಾನ: ಯು ಬೆಂಡೋ, ಗ್ಯಾಪೋ?

ಯು ಆಕಾರದ ಫೈಬರ್‌ನಲ್ಲಿ ಬೆಳಕು ಒಳಗೇ ಓಡುತ್ತದೆ. ಅದರ ಅಂಚು ಮಾತ್ರ ಫೈಬರ್ ಗೋಡೆಯಿಂದ ಆಚೆ ನೀರಿಗೆ ಚಾಚಿಕೊಂಡಿರುತ್ತದೆ, ಅದೂ ಒಂದು ಮೈಕ್ರಾನ್‌ಗಿಂತ ಕಡಿಮೆ ಆಳಕ್ಕೆ. 1 ಮಿ.ಮೀ. ದಪ್ಪದ ಫೈಬರ್‌ನಲ್ಲಿ ಹೀಗೆ ಹೊರಗೆ ಚಾಚುವ ಬೆಳಕು ಒಟ್ಟು ಬೆಳಕಿನ ಸಾವಿರದಲ್ಲಿ ಒಂದು ಪಾಲೂ ಇರುವುದಿಲ್ಲ. ಬಗ್ಗಿಸಿದರೆ ಜಾಸ್ತಿಯಾಗುತ್ತದೆ ನಿಜ, ಆದರೂ ಕಡಿಮೆಯೇ.

ಜೊತೆಗೆ ಬಗ್ಗಿದ ಫೈಬರ್ ನೀರಿನ ವಕ್ರೀಭವನ ಸೂಚ್ಯಂಕಕ್ಕೆ, ಅಂದರೆ ನೀರು ಬೆಳಕನ್ನು ಎಷ್ಟು ಬಾಗಿಸುತ್ತದೆ ಅನ್ನುವುದಕ್ಕೆ, ಸ್ಪಂದಿಸುತ್ತದೆ. ಒಂದು ಲೀಟರ್‌ನಲ್ಲಿ 1 ಮಿಲಿಗ್ರಾಂ ಫ್ಲೋರೈಡ್ ಇದ್ದರೆ ಆ ಸೂಚ್ಯಂಕ ಬದಲಾಗುವುದು ಏಳನೇ ದಶಮಾಂಶ ಸ್ಥಾನದಲ್ಲಿ. ನೀರು ಒಂದು ಡಿಗ್ರಿ ಬಿಸಿಯಾದರೆ ನಾಲ್ಕನೇ ಸ್ಥಾನವೇ ಬದಲಾಗುತ್ತದೆ. ಅಂದರೆ ನೀವು ಹುಡುಕುತ್ತಿರುವುದಕ್ಕಿಂತ ನೂರಾರು ಪಟ್ಟು ದೊಡ್ಡ ಗಲಾಟೆ ಬರೀ ಕೋಣೆಯ ಫ್ಯಾನ್‌ನಿಂದಲೇ ಬರಬಹುದು. ಐಐಟಿ ಮದ್ರಾಸ್, ಐಐಟಿ ಬಾಂಬೆಗಳಲ್ಲಿ ಯು ಬೆಂಡ್ ಫೈಬರ್ ಮೇಲೆ ಒಳ್ಳೆ ಕೆಲಸ ಆಗಿದೆ. ಆದರೆ ಅಂಥ ಸೆನ್ಸರ್‌ಗಳ ಜೀವ ಇರುವುದು ಫೈಬರ್ ಮೈಮೇಲೆ ಕೂರಿಸಿದ ಲೇಪನದಲ್ಲಿ. ಲೇಪನ ಬಿಟ್ಟು ಬೆಂಡನ್ನು ಮಾತ್ರ ನಕಲು ಮಾಡಿದರೆ ಕೈಗೆ ಬರುವುದು ಸಕ್ಕರೆ ಅಳೆಯುವ ಯಂತ್ರ, ಸಕ್ಕರೆ ಕರಗಿದರೂ ನೀರಿನ ಸೂಚ್ಯಂಕ ಬದಲಾಗುತ್ತದಲ್ಲ.

ಹಾಗಾಗಿ ಇಲ್ಲಿ ಗ್ಯಾಪ್ ವಿಧಾನ ಹಿಡಿಯೋಣ. ಎರಡು ಫೈಬರ್ ತುದಿಗಳು ಎದುರುಬದುರು, ನಡುವೆ 5 ಮಿ.ಮೀ. ಜಾಗ, ಆ ಜಾಗದಲ್ಲಿ ಬಣ್ಣದ ನೀರು. ಬೆಳಕೆಲ್ಲ ನೀರಿನೊಳಗಿಂದಲೇ ಹಾದು ಹೋಗಬೇಕು. ಇದಕ್ಕೆ ಫೈಬರ್ ಯಾಕೆ, ಎಲ್‌ಇಡಿಯನ್ನೇ ಹತ್ತಿರ ಇಡಬಹುದಲ್ವಾ ಅಂತ ಕೇಳಬಹುದು. ಬಳಸುವ ದ್ರಾವಣದಲ್ಲಿ ಹೈಡ್ರೋಕ್ಲೋರಿಕ್ ಆಮ್ಲ ಇದೆ, ಅದರ ಹಬೆ ಸರ್ಕ್ಯೂಟ್ ಬೋರ್ಡನ್ನು ಬೇಗ ತಿನ್ನುತ್ತದೆ. ಒಂದು ಮೀಟರ್ ಫೈಬರ್ ಇದ್ದರೆ ಎಲೆಕ್ಟ್ರಾನಿಕ್ಸ್ ದೂರದಲ್ಲಿ ಒಣಗಿರುತ್ತದೆ, ಅಷ್ಟು ಉದ್ದಕ್ಕೆ ಬೆಳಕಿನ ನಷ್ಟ ಲೆಕ್ಕಕ್ಕೇ ಇಲ್ಲ.

## ಬೇಕಾದ ಸಾಮಾನು

ಫೈಬರ್: 1 ಮಿ.ಮೀ. ಪಿಎಂಎಂಎ (ಅಕ್ರಿಲಿಕ್) ಪ್ಲಾಸ್ಟಿಕ್ ಫೈಬರ್, 2.2 ಮಿ.ಮೀ. ಕಪ್ಪು ಜಾಕೆಟ್ ಇರುವಂಥದ್ದು, ಎರಡು ಮೀಟರ್. ಸಿಗದಿದ್ದರೆ ಟಿವಿಯಿಂದ ಸೌಂಡ್‌ಬಾರ್‌ಗೆ ಹಾಕುವ ಆಪ್ಟಿಕಲ್ ಆಡಿಯೋ ಕೇಬಲ್ ಕತ್ತರಿಸಿ, ಸಾಮಾನ್ಯವಾಗಿ ಒಳಗೆ ಇರುವುದು ಇಂಥದ್ದೇ ಫೈಬರ್. ಇಂಟರ್‌ನೆಟ್‌ಗೆ ಹಾಕುವ ಗಾಜಿನ ಫೈಬರ್ ಬೇಡ. ಅದರ ತಿರುಳು ಕೂದಲಿಗಿಂತ ತೆಳು, ಕೈಯಲ್ಲಿ ಎದುರುಬದುರು ಕೂರಿಸುವುದು ಆಗದ ಮಾತು.

ಎಲ್‌ಇಡಿ: 570 ನ್ಯಾನೋಮೀಟರ್, 5 ಮಿ.ಮೀ. ಇಲ್ಲಿ ತುಂಬಾ ಜನ ತಪ್ಪುತ್ತಾರೆ. ಅಂಗಡಿಯಲ್ಲಿ ಹಸಿರು ಎಲ್‌ಇಡಿ ಕೇಳಿದರೆ ಕಣ್ಣು ಕುಕ್ಕುವ ಹೊಸ ತರಹದ್ದು ಕೊಡುತ್ತಾರೆ, ಅದು 520ರ ಹತ್ತಿರ. ನಮಗೆ ಬೇಕಾದದ್ದು ಹಳೇ ರೇಡಿಯೋಗಳಲ್ಲಿ ಇರುತ್ತಿದ್ದ, ಹಳದಿ ಛಾಯೆಯ ಮಂಕು ಹಸಿರು. ನಮ್ಮ ಬಣ್ಣವನ್ನು ಅಳೆಯುವುದು 570ರಲ್ಲಿ, ಪಿಎಂಎಂಎ ಫೈಬರ್ ಬೆಳಕನ್ನು ಚೆನ್ನಾಗಿ ಸಾಗಿಸುವ ಜಾಗಗಳಲ್ಲೂ 570 ಒಂದು. ಬೆಂಗಳೂರಿನ ಎಸ್.ಪಿ. ರೋಡಿನಂಥ ಕಡೆ ಹುಡುಕಿದರೆ ಸಿಗುತ್ತದೆ.

ಬೆಳಕು ಹಿಡಿಯಲು: ಓಪಿಟಿ 101 ಎರಡು. ಫೋಟೋಡಯೋಡು, ಆಂಪ್ಲಿಫೈಯರ್ ಎರಡೂ ಒಂದೇ ಚಿಪ್‌ನಲ್ಲಿವೆ. ಎಲ್‌ಡಿಆರ್ ಬೇಡವೇ ಬೇಡ. ಅದು ನಿಧಾನ, ಬೆಳಕಿಗೆ ನೇರ ಅನುಪಾತದಲ್ಲಿ ಸ್ಪಂದಿಸುವುದಿಲ್ಲ, ಹಿಂದೆ ನೋಡಿದ ಬೆಳಕಿನ ನೆನಪನ್ನೂ ಇಟ್ಟುಕೊಳ್ಳುತ್ತದೆ.

ಉಳಿದದ್ದು: ಆರ್ಡುಯಿನೋ (ಪ್ರೋಗ್ರಾಂ ಹಾಕಿ ನಡೆಸುವ ಚಿಕ್ಕ ಬೋರ್ಡ್), ಎಡಿಎಸ್ 1115 ಬೋರ್ಡ್ (ವೋಲ್ಟೇಜನ್ನು ಸಂಖ್ಯೆಯಾಗಿಸುವುದು ಇದೇ; ಆರ್ಡುಯಿನೋ ಊನೋದ ಸ್ವಂತ 10 ಬಿಟ್ ಸಾಲದು, ಇದು 16 ಬಿಟ್), ಎಲ್‌ಎಂ 317 (ಕರೆಂಟನ್ನು ಸ್ಥಿರವಾಗಿಡುವ ಚಿಪ್), 120 ಓಮ್ ಮತ್ತು 1 ಕಿಲೋಓಮ್ ರೆಸಿಸ್ಟರ್, ಒಂದು ಬಿ.ಸಿ. 547 (BC547) ಟ್ರಾನ್ಸಿಸ್ಟರ್, 9 ವೋಲ್ಟ್ ಅಡಾಪ್ಟರ್, 20 ಮಿ.ಮೀ. ದಪ್ಪದ ಕಪ್ಪು ಅಕ್ರಿಲಿಕ್ ಅಥವಾ ಬೂದು ಪಿವಿಸಿ ತುಂಡು, 600, 1000, 2000 ನಂಬರಿನ ವಾಟರ್ ಪೇಪರ್, ಮುಚ್ಚಳ ಇರುವ ಕಪ್ಪು ಡಬ್ಬಿ.

ರಾಸಾಯನಿಕ: ಸೋಡಿಯಂ ಫ್ಲೋರೈಡ್, ಡಿಸ್ಟಿಲ್ಡ್ ವಾಟರ್, ರೆಡಿಮೇಡ್ ಸ್ಪಾಡ್ನ್ಸ್ ದ್ರಾವಣ. ಸ್ಪಾಡ್ನ್ಸ್ ಅಂದರೆ ಜಿರ್ಕೋನಿಯಂ ಜೊತೆ ಕೂಡಿ ಗಾಢ ಕೆಂಪಾಗುವ ಬಣ್ಣ. ಫ್ಲೋರೈಡ್ ಬಂದರೆ ಅದು ಜಿರ್ಕೋನಿಯಂ ಅನ್ನು ಎಳೆದುಕೊಂಡು ಹೋಗುತ್ತದೆ, ಬಣ್ಣ ತೆಳುವಾಗುತ್ತದೆ. ಇದನ್ನು ಮನೆಯಲ್ಲಿ ತಯಾರಿಸಲು ಹೋಗಬೇಡಿ, ಗಟ್ಟಿ ಆಮ್ಲದ ಕೆಲಸ. ಕೊಳ್ಳುವಾಗ ಲೇಬಲ್ ಓದಿ. ಕೆಲವು ದ್ರಾವಣಗಳಲ್ಲಿ ಸೋಡಿಯಂ ಆರ್ಸೆನೈಟ್ ಇರುತ್ತದೆ, ಅದು ವಿಷ. ಆರ್ಸೆನಿಕ್ ಇಲ್ಲದ್ದೂ ಸಿಗುತ್ತದೆ, ಅದನ್ನೇ ಕೇಳಿ. ಗ್ಲೌಸು, ಕನ್ನಡಕ ಇಲ್ಲದೆ ಬಾಟಲಿ ಮುಚ್ಚಳ ತೆಗೆಯಬೇಡಿ.

## ಹಂತ 1: ಫೈಬರ್ ತುದಿ ನಯ ಮಾಡುವುದು

ಒಂದೊಂದು ಮೀಟರಿನ ಎರಡು ತುಂಡು ಮಾಡಿ. ಹೊಸ ಬ್ಲೇಡಿನಿಂದ ಒಂದೇ ಒತ್ತಿಗೆ, ನೇರವಾಗಿ ಕತ್ತರಿಸಿ. ಕಟಿಂಗ್ ಪ್ಲೇಯರ್‌ನಿಂದ ಕತ್ತರಿಸಿದರೆ ತುದಿ ಚಪ್ಪಟೆಯಾಗಿ ಒಳಗೆ ಬಿರುಕು ಬಿಡುತ್ತದೆ, ಆಮೇಲೆ ಎಷ್ಟು ಉಜ್ಜಿದರೂ ಅದು ಹೋಗುವುದಿಲ್ಲ.

ಒಂದು ಚಿಕ್ಕ ಪ್ಲಾಸ್ಟಿಕ್ ತುಂಡಿಗೆ 2.2 ಮಿ.ಮೀ. ತೂತು ಕೊರೆದು ಫೈಬರನ್ನು ಅದರಲ್ಲಿ ತೂರಿಸಿ ಹಿಡಿದುಕೊಳ್ಳಿ, ಆಗ ತುದಿ ಓರೆಯಾಗುವುದಿಲ್ಲ. ಗಾಜಿನ ಮೇಲೆ ವಾಟರ್ ಪೇಪರ್ ಹಾಸಿ, ನೀರು ಚಿಮುಕಿಸಿ, ಇಂಗ್ಲಿಷಿನ ಎಂಟರ ಆಕಾರದಲ್ಲಿ ಉಜ್ಜಿ. ಮೊದಲು 600, ಆಮೇಲೆ 1000, ಕೊನೆಗೆ 2000. ಪೇಪರ್ ಬದಲಿಸುವ ಮುಂಚೆ ತುದಿ ತೊಳೆಯಿರಿ. ಹಿಂದಿನ ಪೇಪರಿನ ಒಂದು ಕಣ ಅಂಟಿಕೊಂಡಿದ್ದರೂ ಹೊಸ ಗೆರೆ ಎಳೆಯುತ್ತದೆ.

ಸರಿಯಾಗಿದೆಯಾ ಅಂತ ನೋಡಲು ಒಂದು ತುದಿಯನ್ನು ಟ್ಯೂಬ್‌ಲೈಟ್ ಕಡೆ ಹಿಡಿದು ಇನ್ನೊಂದನ್ನು ಭೂತಗನ್ನಡಿಯಲ್ಲಿ ನೋಡಿ. ದುಂಡಗೆ, ಎಲ್ಲ ಕಡೆ ಒಂದೇ ಸಮ ಹೊಳೆಯಬೇಕು. ಅಂಚಿನಲ್ಲಿ ಕಪ್ಪು ಕಚ್ಚು ಕಂಡರೆ ವಾಪಸ್ 600ಕ್ಕೆ ಹೋಗಿ.

ಎಚ್ಚರ: ತುದಿ ಒರೆಸಲು ಅಸಿಟೋನ್, ಥಿನ್ನರ್, ನೇಲ್ ಪಾಲಿಶ್ ರಿಮೂವರ್ ಮುಟ್ಟಿಸಬೇಡಿ. ಪಿಎಂಎಂಎ ಕರಗುತ್ತದೆ. ಸೋಪು ನೀರು ಸಾಕು. ಫೆವಿಕ್ವಿಕ್ ತರಹದ ಅಂಟು ಕೂಡ ಬೇಡ, ಅದರ ಹಬೆಯಿಂದ ತುದಿ ಬೆಳ್ಳಗಾಗುತ್ತದೆ. ಫೈಬರನ್ನು 25 ಮಿ.ಮೀ. ತ್ರಿಜ್ಯಕ್ಕಿಂತ ಬಿಗಿಯಾಗಿ ಸುತ್ತಬೇಡಿ, ಬೆಳಕು ಸೋರುತ್ತದೆ.

## ಹಂತ 2: ನೀರು ನಿಲ್ಲುವ ಗುಂಡಿ

ಇಡೀ ಕೆಲಸದಲ್ಲಿ ಕ್ರಮಕ್ಕೆ ಅತಿ ಹೆಚ್ಚು ಬೆಲೆ ಇರುವುದು ಇಲ್ಲಿ. ಎರಡು ಕಡೆಯಿಂದ ಬೇರೆಬೇರೆ ತೂತು ಕೊರೆದು ಮಧ್ಯದಲ್ಲಿ ಸೇರಿಸೋಣ ಅಂದುಕೊಂಡರೆ ಅವು ಸೇರುವುದಿಲ್ಲ. ಮೊದಲು ಅಕ್ರಿಲಿಕ್ ತುಂಡಿನ ಈ ಬದಿಯಿಂದ ಆ ಬದಿಗೆ ಒಂದೇ ಸಲಕ್ಕೆ 2.2 ಮಿ.ಮೀ. ತೂತು ಆರುಪಾರು ಕೊರೆಯಿರಿ. ಆಮೇಲೆ ಮೇಲಿನಿಂದ 5 ಮಿ.ಮೀ. ಬಿಟ್ ಇಟ್ಟು, ಆ ತೂತನ್ನು ನಡುವೆ ಕತ್ತರಿಸಿಕೊಂಡು ಇನ್ನೂ 3 ಮಿ.ಮೀ. ಕೆಳಗೆ ಹೋಗುವವರೆಗೆ ಗುಂಡಿ ತೆಗೆಯಿರಿ. ಈಗ ಎರಡು ಫೈಬರ್ ಎದುರುಬದುರು ಬರುವುದು ಗ್ಯಾರಂಟಿ, ನಡುವಿನ ಜಾಗವೂ ತಾನಾಗೇ 5 ಮಿ.ಮೀ.

ಡ್ರಿಲ್ ಮಾಡುವಾಗ ಅಕ್ರಿಲಿಕ್ ಬಿಸಿಯಾಗಿ ಕರಗಿ ಬಿಟ್‌ಗೆ ಸುತ್ತಿಕೊಳ್ಳುತ್ತದೆ. ನಿಧಾನ ವೇಗ, ಮಧ್ಯೆ ಮಧ್ಯೆ ನೀರು, ಸ್ವಲ್ಪ ಸ್ವಲ್ಪವೇ ಇಳಿಸಿ.

ಫೈಬರ್ ತುದಿ ಗುಂಡಿಯ ಗೋಡೆಗೆ ಸರಿಸಮ ಇರಬೇಕು. ಒಳಗೆ ಚಾಚಿದರೆ ಗುಳ್ಳೆ ಹಿಡಿಯುತ್ತದೆ, ಹಿಂದೆ ಉಳಿದರೆ ಆ ಸಂದಿಯಲ್ಲಿ ಹಳೇ ನೀರು ಕೂರುತ್ತದೆ. ಇದಕ್ಕೊಂದು ಉಪಾಯ: ಅದೇ 5 ಮಿ.ಮೀ. ಬಿಟ್ಟಿನ ನುಣುಪಾದ ಹಿಂಭಾಗವನ್ನು ಗುಂಡಿಗೆ ಇಳಿಸಿ, ಫೈಬರನ್ನು ಮೆಲ್ಲಗೆ ಅದಕ್ಕೆ ತಾಗುವವರೆಗೆ ತಳ್ಳಿ. ಬಿಟ್ ತಿರುಗಿಸದೆ ನೇರ ಮೇಲಕ್ಕೆ ತೆಗೆಯಿರಿ, ತಿರುಗಿಸಿದರೆ ನಯ ಮಾಡಿದ ತುದಿಗೆ ಗೀರು ಬೀಳುತ್ತದೆ.

ಜಾಕೆಟ್ ಪಾಲಿಥೀನ್ ಆಗಿದ್ದರೆ ಎಪಾಕ್ಸಿ ಅದಕ್ಕೆ ಅಂಟುವುದಿಲ್ಲ. ಒಣಗಿದ ಮೇಲೆ ಗಟ್ಟಿಯಾಗಿ ಕಾಣುತ್ತದೆ, ಒಂದು ವಾರ ಬಿಟ್ಟು ಸೋರುತ್ತದೆ. ಜಾಕೆಟ್ ಮೇಲೆ ಮರಳು ಕಾಗದ ಆಡಿಸಿ, ಹೊರಗಿನಿಂದ ಸಿಲಿಕೋನ್ ಸೀಲಂಟ್ ಹಾಕಿ, ಒಂದು ರಾತ್ರಿ ಬಿಡಿ. ಬೆಳಿಗ್ಗೆ ಗುಂಡಿಗೆ ನೀರು ತುಂಬಿ ಟಿಶ್ಯೂ ಪೇಪರ್ ಮೇಲೆ ಅರ್ಧ ಗಂಟೆ ಇಡಿ. ಪೇಪರ್ ಒದ್ದೆಯಾಗಿರಬಾರದು.

ಗ್ಯಾಪ್ ಜಾಸ್ತಿ ಮಾಡಿದರೆ ಬಣ್ಣ ಚೆನ್ನಾಗಿ ಸಿಗುತ್ತದಲ್ಲ ಅಂತ 20 ಮಿ.ಮೀ. ಮಾಡುವವರಿದ್ದಾರೆ. ಈ ಫೈಬರ್‌ನಿಂದ ಹೊರಬರುವ ಬೆಳಕು ನೀರಿನಲ್ಲಿ ಎರಡೂ ಕಡೆಗೆ ಸುಮಾರು 22 ಡಿಗ್ರಿ ಹರಡುತ್ತದೆ. 5 ಮಿ.ಮೀ. ದಾಟುವಷ್ಟರಲ್ಲೇ ನೂರರಲ್ಲಿ ನಾಲ್ಕು ಪಾಲು ಮಾತ್ರ ಎದುರಿನ ಫೈಬರ್‌ಗೆ ಸಿಗುತ್ತದೆ, 10 ಮಿ.ಮೀ.ಗೆ ಒಂದು ಪಾಲು. ಮೇಲಾಗಿ ಸ್ಪಾಡ್ನ್ಸ್ ಬಣ್ಣವೇ ಗಾಢ. ಹೆಚ್ಚು ಆಸೆ ಪಟ್ಟರೆ ಕೈಗೆ ಕತ್ತಲೆ ಮಾತ್ರ ಬರುತ್ತದೆ.

## ಹಂತ 3: ಎಲ್‌ಇಡಿ ಮತ್ತು ಡಿಟೆಕ್ಟರ್

ಎಲ್‌ಇಡಿಯ ಗುಂಡು ತಲೆಯನ್ನು ಅರದಿಂದ ಉಜ್ಜಿ ಚಪ್ಪಟೆ ಮಾಡಿ. ಒಳಗೆ ಚಿಕ್ಕ ಚೌಕ ಚಿಪ್, ಅದರ ಮೇಲಿಂದ ಕೂದಲೆಳೆಯಂಥ ತಂತಿ ಕಾಣುತ್ತದೆ. ತಂತಿ ಕತ್ತರಿಸದ ಹಾಗೆ, ಅದಕ್ಕಿಂತ ಒಂದು ಮಿ.ಮೀ. ಮೇಲೆ ನಿಲ್ಲುವಂತೆ 1 ಮಿ.ಮೀ. ತೂತು ಕೊರೆಯಿರಿ. ಫೈಬರ್ ತುದಿಯ ಜಾಕೆಟ್ ಸ್ವಲ್ಪ ಸುಲಿದು ಅದರೊಳಗೆ ಇಳಿಸಿ, ನಿಧಾನಕ್ಕೆ ಗಟ್ಟಿಯಾಗುವ ಎಪಾಕ್ಸಿ ಹಾಕಿ. ಬರೀ ಮುಂದೆ ಇಟ್ಟು ಟೇಪ್ ಸುತ್ತಿದರೆ ಬೆಳಕು ಸಾಲುವುದಿಲ್ಲ, ಕೈ ತಾಗಿದಾಗೆಲ್ಲ ರೀಡಿಂಗ್ ಕುಣಿಯುತ್ತದೆ. ಎರಡು ಎಲ್‌ಇಡಿ ಹಾಳಾಗುತ್ತವೆ ಅಂತ ಲೆಕ್ಕ ಇಟ್ಟುಕೊಂಡೇ ತನ್ನಿ.

ಎಲ್‌ಎಂ 317ರ ಔಟ್‌ಪುಟ್ ಮತ್ತು ಅಡ್ಜಸ್ಟ್ ಕಾಲುಗಳ ನಡುವೆ 120 ಓಮ್ ಹಾಕಿದರೆ ಸುಮಾರು 10 ಮಿಲಿಆಂಪ್ ಸ್ಥಿರ ಕರೆಂಟ್ ಸಿಗುತ್ತದೆ. ಅದು ಎಲ್‌ಇಡಿ ಮೂಲಕ, ನಂತರ ಟ್ರಾನ್ಸಿಸ್ಟರ್ ಮೂಲಕ ಗ್ರೌಂಡ್‌ಗೆ. ಟ್ರಾನ್ಸಿಸ್ಟರ್‌ನ ಬೇಸಿಗೆ 1 ಕಿಲೋಓಮ್ ರೆಸಿಸ್ಟರ್ ಹಾಕಿ ಆರ್ಡುಯಿನೋದ ಒಂದು ಪಿನ್‌ಗೆ ಕೊಡಿ. ಎಲ್‌ಇಡಿಯನ್ನು ಆಗಾಗ ಆರಿಸಿ ಕತ್ತಲಿನ ರೀಡಿಂಗ್ ತೆಗೆದುಕೊಳ್ಳುವುದಕ್ಕೆ ಇದು. ಓಪಿಟಿ 101 ಕತ್ತಲಲ್ಲೂ ಕೆಲವು ಮಿಲಿವೋಲ್ಟ್ ತೋರಿಸುತ್ತದೆ. ನಮ್ಮ ಸಿಗ್ನಲ್ ಕೂಡ ಕೆಲವೇ ಮಿಲಿವೋಲ್ಟ್ ಇರಬಹುದು. ಅದನ್ನು ಕಳೆಯದೆ ಲೆಕ್ಕ ಹಾಕಿದರೆ ಗ್ರಾಫ್ ಸುಮ್ನೆ ಚಪ್ಪಟೆಯಾಗುತ್ತದೆ. ಎಡಿಎಸ್ 1115ರ ಗೇನ್ (ಸಿಗ್ನಲ್ ಹಿಗ್ಗಿಸುವ ಪ್ರಮಾಣ) ಅನ್ನು ಸಿಗ್ನಲ್‌ಗೆ ಹೊಂದುವಷ್ಟು ಜಾಸ್ತಿ ಇಡಿ.

ಮೊದಲ ಓಪಿಟಿ 101 ಅನ್ನು ಗುಂಡಿಯ ಆಚೆ ಬದಿಯ ಫೈಬರ್ ಕೊನೆಗೆ ಕೂರಿಸಿ. ಎರಡನೇ ಓಪಿಟಿ 101 ಅನ್ನು ಎಲ್‌ಇಡಿಯ ಪಕ್ಕಕ್ಕೆ ಅಂಟಿಸಿ. ಅದು ನೀರನ್ನು ನೋಡುವುದಿಲ್ಲ, ಎಲ್‌ಇಡಿಯನ್ನು ಮಾತ್ರ ನೋಡುತ್ತದೆ. ಎಲ್‌ಇಡಿ ಬಿಸಿಯಾದಂತೆ ಮಂಕಾಗುತ್ತದೆ, ಆಗ ಎರಡೂ ಒಟ್ಟಿಗೆ ಇಳಿಯುತ್ತವೆ. ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿದರೆ ಆ ಇಳಿತ ಹೋಗುತ್ತದೆ. ದುಡ್ಡು ಉಳಿಸೋಣ ಅಂತ ಈ ಎರಡನೆಯದನ್ನು ಬಿಡುವವರೇ ಜಾಸ್ತಿ, ಆಮೇಲೆ ಸೆನ್ಸರ್ ಸ್ಥಿರ ಇಲ್ಲ ಅಂತ ಕೊರಗುವವರೂ ಅವರೇ.

## ಹಂತ 4: ಬರೀ ನೀರಿನ ಪರೀಕ್ಷೆ

ಇನ್ನೂ ರಾಸಾಯನಿಕದ ಬಾಟಲಿ ತೆಗೆಯಬೇಡಿ. ಎಲ್‌ಇಡಿ ಹಚ್ಚಿ 20 ನಿಮಿಷ ಬಿಡಿ. ಗುಂಡಿಗೆ ಡಿಸ್ಟಿಲ್ಡ್ ವಾಟರ್ ತುಂಬಿ, ಕಪ್ಪು ಡಬ್ಬಿ ಮುಚ್ಚಿ, ಅರ್ಧ ಗಂಟೆ ರೀಡಿಂಗ್ ದಾಖಲಿಸಿ. ಒಂದು ಸೆಕೆಂಡಿನ ಸರಾಸರಿ ತೆಗೆದುಕೊಳ್ಳಿ, ಟ್ಯೂಬ್‌ಲೈಟ್ ಸೆಕೆಂಡಿಗೆ 100 ಸಲ ಮಿನುಗುವುದು ಅದರಲ್ಲಿ ಅಡಗಿಹೋಗುತ್ತದೆ.

ಅರ್ಧ ಗಂಟೆಯಲ್ಲಿ ಭಾಗಿಸಿದ ಮೌಲ್ಯ ಶೇ 0.5ಕ್ಕಿಂತ ಜಾಸ್ತಿ ಜಾರಬಾರದು. ಆಮೇಲೆ ನೀರು ತೆಗೆದು, ಅದೇ ನೀರನ್ನು ಮತ್ತೆ ತುಂಬಿ. ಹೀಗೆ ಐದು ಸಲ. ಇಲ್ಲೂ ಅಷ್ಟೇ ವ್ಯತ್ಯಾಸದೊಳಗೆ ಬರಬೇಕು. ಬರದಿದ್ದರೆ ಶೇ 90 ಪಾಲು ಕಾರಣ ಗುಳ್ಳೆ ಅಂದುಕೊಳ್ಳಿ. ತೆಳು ಸಿಲಿಕೋನ್ ಟ್ಯೂಬ್ ಹಾಕಿದ ಸಿರಿಂಜನ್ನು ಗುಂಡಿಯ ತಳಕ್ಕೆ ಇಳಿಸಿ, ಕೆಳಗಿನಿಂದ ಮೇಲಕ್ಕೆ ತುಂಬಿ. ಮೇಲಿನಿಂದ ಸುರಿದರೆ ಫೈಬರ್ ತುದಿಯ ಮೇಲೆ ಸಾಸಿವೆಗಿಂತ ಚಿಕ್ಕ ಗುಳ್ಳೆ ಕೂರುತ್ತದೆ. ಕಣ್ಣಿಗೆ ಕಾಣುವುದಿಲ್ಲ, ರೀಡಿಂಗ್ ಮಾತ್ರ ಬಿದ್ದುಹೋಗುತ್ತದೆ.

ಕೊನೆಗೆ ಡಬ್ಬಿ ಮುಚ್ಚಿಕೊಂಡೇ ಕೋಣೆಯ ದೀಪ ಹಾಕಿ, ಆರಿಸಿ. ರೀಡಿಂಗ್ ಅಲುಗಿದರೆ ಎಲ್ಲೋ ಬೆಳಕು ಸೋರುತ್ತಿದೆ.

## ಹಂತ 5: ಗೊತ್ತಿರುವ ನೀರು ತಯಾರಿಸುವುದು

ಒಣಗಿದ ಸೋಡಿಯಂ ಫ್ಲೋರೈಡ್ 221 ಮಿ.ಗ್ರಾಂ ತೂಗಿ, ಡಿಸ್ಟಿಲ್ಡ್ ವಾಟರ್‌ನಲ್ಲಿ ಕರಗಿಸಿ ಒಂದು ಲೀಟರ್ ಮಾಡಿ. ಇದು ಲೀಟರಿಗೆ 100 ಮಿ.ಗ್ರಾಂ ಫ್ಲೋರೈಡ್. ತೂಕ ಕಾಲೇಜು ಲ್ಯಾಬಿನ ತಕ್ಕಡಿಯಲ್ಲೇ ಆಗಬೇಕು, ಅಡುಗೆಮನೆ ತಕ್ಕಡಿ ಇದಕ್ಕಲ್ಲ. ಇದರಿಂದ 10 ಮಿ.ಲೀ. ತೆಗೆದು 100 ಮಿ.ಲೀ. ಮಾಡಿದರೆ ಲೀಟರಿಗೆ 10 ಮಿ.ಗ್ರಾಂ.

ಆ ಎರಡನೇ ದ್ರಾವಣದಿಂದ 4, 8, 12, 14 ಮಿ.ಲೀ. ತೆಗೆದು ಒಂದೊಂದನ್ನೂ 100 ಮಿ.ಲೀ. ಮಾಡಿ. ನಿಮ್ಮ ಮುಂದೆ ಈಗ 0.4, 0.8, 1.2, 1.4 ಇವೆ. ಬರೀ ಡಿಸ್ಟಿಲ್ಡ್ ವಾಟರ್ ಸೊನ್ನೆ. 1.4ರ ಮೇಲೆ ಹೋಗಬೇಡಿ, ಈ ಬಣ್ಣದ ಗೆರೆ ಅಲ್ಲಿಂದಾಚೆಗೆ ಬಾಗುತ್ತದೆ.

ಎಲ್ಲವೂ ಪ್ಲಾಸ್ಟಿಕ್ ಬಾಟಲಿಯಲ್ಲಿ. ಫ್ಲೋರೈಡನ್ನು ಗಾಜಿನಲ್ಲಿ ಇಡಬಾರದು. ಸೊನ್ನೆಗೆ ಮನೆಯ ಆರ್‌ಓ ನೀರು ಬಳಸಬೇಡಿ, ಅದರಲ್ಲಿ ಸ್ವಲ್ಪ ಫ್ಲೋರೈಡ್ ಉಳಿದಿರಬಹುದು. ಆಗ ನಿಮ್ಮ ಸೊನ್ನೆಯೇ ಸೊನ್ನೆಯಲ್ಲ. ಸೋಡಿಯಂ ಫ್ಲೋರೈಡ್ ಪುಡಿಯೂ ವಿಷವೇ, ಬಾಟಲಿ ಮೇಲೆ ದಪ್ಪಕ್ಷರದಲ್ಲಿ ಬರೆದಿಡಿ. ನೋಡುವುದಕ್ಕೆ ಉಪ್ಪಿನ ಹಾಗೇ ಇರುತ್ತದೆ.

## ಹಂತ 6: ಬಣ್ಣ ಹಾಕಿ ಓದುವುದು

10 ಮಿ.ಲೀ. ನೀರಿಗೆ 2 ಮಿ.ಲೀ. ಸ್ಪಾಡ್ನ್ಸ್. ಮೆಲ್ಲಗೆ ಅಲ್ಲಾಡಿಸಿ, ಒಂದೆರಡು ನಿಮಿಷ ಬಿಟ್ಟು ಗುಂಡಿಗೆ ತುಂಬಿ ಓದಿ. ಎಲ್ಲಕ್ಕೂ ಅಷ್ಟೇ ಹೊತ್ತು ಬಿಡಿ.

ಹೆಚ್ಚಿನವರ ಫಲಿತಾಂಶ ಚದುರುವುದು ಈ 2 ಮಿ.ಲೀ.ನಲ್ಲೇ. ಪಿಪೆಟ್ ತುದಿಯ ಹೊರಮೈಗೆ ಅಂಟಿಕೊಂಡ ಒಂದು ಹನಿ ಅಂದರೆ ಸುಮಾರು 0.05 ಮಿ.ಲೀ. ಎರಡರಲ್ಲಿ ಅದು ಶೇ 2.5. ಒಂದು ಹನಿ ಜಾಸ್ತಿ ಬಿದ್ದರೆ ಬಣ್ಣ ಗಾಢವಾಗಿ, ಸೆನ್ಸರ್ ಫ್ಲೋರೈಡ್ ಕಡಿಮೆ ಇದೆ ಅನ್ನುತ್ತದೆ. ಪಿಪೆಟ್ಟಿನ ಹೊರಭಾಗವನ್ನು ಪ್ರತಿ ಸಲ ಟಿಶ್ಯೂನಿಂದ ಒರೆಸಿ, ಆಮೇಲೆ ಬಿಡಿ. ಎಲ್ಲ ಸ್ಯಾಂಪಲ್ಲಿಗೂ ಒಂದೇ ಪಿಪೆಟ್, ಒಂದೇ ಬಾಟಲಿಯ ಸ್ಪಾಡ್ನ್ಸ್.

ತಾಪಮಾನ ಇನ್ನೊಂದು. ಬಣ್ಣ ಮತ್ತು ಜಿರ್ಕೋನಿಯಂ ನಡುವಿನ ಹಿಡಿತ ಬಿಸಿಗೆ ಬದಲಾಗುತ್ತದೆ. ಫ್ರಿಜ್‌ನಿಂದ ತೆಗೆದ ಸ್ಟ್ಯಾಂಡರ್ಡು (ಐದನೇ ಹಂತದ ಗೊತ್ತಿರುವ ನೀರು), ಬಿಸಿಲಿನಿಂದ ತಂದ ಸ್ಯಾಂಪಲ್ಲು ಹೋಲಿಸಬೇಡಿ. ಎಲ್ಲವನ್ನೂ ಒಂದೇ ಮೇಜಿನ ಮೇಲೆ ಇಟ್ಟು, ಅವುಗಳ ನಡುವೆ 2 ಡಿಗ್ರಿಗಿಂತ ಜಾಸ್ತಿ ಅಂತರ ಇಲ್ಲದ ಮೇಲೆ ಶುರು ಮಾಡಿ.

ಓದುವ ಕ್ರಮ ಕಲಸಿ: 0.8, 0, 1.4, 0.4, 1.2 ಹೀಗೆ. ಸೊನ್ನೆಯಿಂದ ಏರುತ್ತಾ ಹೋದರೆ ಎಲ್‌ಇಡಿ ನಿಧಾನಕ್ಕೆ ಜಾರುವುದೂ ಫ್ಲೋರೈಡಿನಂತೆಯೇ ಕಾಣುತ್ತದೆ, ಗ್ರಾಫ್ ಸುಳ್ಳೇ ಚೆಂದ ಬರುತ್ತದೆ. ಒಂದೊಂದರ ನಡುವೆ ಗುಂಡಿಯನ್ನು ಮುಂದಿನ ದ್ರಾವಣದಿಂದಲೇ ಎರಡು ಸಲ ತೊಳೆಯಿರಿ. ಬರೀ ನೀರಿನಿಂದ ತೊಳೆದರೆ ಉಳಿದ ಹನಿ ಬಣ್ಣವನ್ನು ತೆಳು ಮಾಡುತ್ತದೆ.

## ಹಂತ 7: ಲೆಕ್ಕ

ಪ್ರತಿ ರೀಡಿಂಗ್‌ನಿಂದ ಕತ್ತಲಿನ ರೀಡಿಂಗ್ ಕಳೆಯಿರಿ. ಎರಡನೇ ಡಿಟೆಕ್ಟರಿಗೂ ಹಾಗೇ. ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿ. ಈಗ ಸ್ಯಾಂಪಲ್ಲಿನ ಈ ಸಂಖ್ಯೆಯನ್ನು ಸೊನ್ನೆ ದ್ರಾವಣದ (ಬಣ್ಣ ಹಾಕಿದ್ದು) ಸಂಖ್ಯೆಯಿಂದ ಭಾಗಿಸಿ, 10ರ ಆಧಾರದ ಲಾಗ್ ತೆಗೆಯಿರಿ. ಅದನ್ನು ಫ್ಲೋರೈಡ್ ಎದುರು ಗ್ರಾಫ್ ಹಾಕಿದರೆ ಮೇಲಕ್ಕೇರುವ ನೇರ ಗೆರೆ ಬರಬೇಕು. ಗಮನಿಸಿ, ಫ್ಲೋರೈಡ್ ಜಾಸ್ತಿಯಾದರೆ ಇಲ್ಲಿ ಬೆಳಕೂ ಜಾಸ್ತಿ. ಬೇರೆ ಬಣ್ಣ ಪರೀಕ್ಷೆಗಳ ಅಭ್ಯಾಸದಲ್ಲಿ ತಲೆಕೆಳಗು ಲೆಕ್ಕ ಹಾಕಿ ಗಾಬರಿಯಾಗಬೇಡಿ.

ಲಾಗ್ ತೆಗೆಯದೆ ವೋಲ್ಟೇಜನ್ನೇ ಗ್ರಾಫ್ ಹಾಕುವುದು ಬೇಡ. ಸೊನ್ನೆ ದ್ರಾವಣವನ್ನು ಹತ್ತು ಸಲ ಹೊಸದಾಗಿ ತುಂಬಿ ಓದಿ, ಆ ಹತ್ತು ಲಾಗ್ ಮೌಲ್ಯಗಳ ಸ್ಟ್ಯಾಂಡರ್ಡ್ ಡೀವಿಯೇಶನ್ (ಎಷ್ಟು ಚದುರಿವೆ ಅನ್ನುವ ಅಳತೆ) ಅನ್ನು ಮೂರರಿಂದ ಗುಣಿಸಿ ಗೆರೆಯ ಇಳಿಜಾರಿನಿಂದ ಭಾಗಿಸಿ. ಅದಕ್ಕಿಂತ ಕಡಿಮೆ ಫ್ಲೋರೈಡ್ ನಿಮ್ಮ ಸೆನ್ಸರ್‌ಗೆ ಕಾಣುವುದಿಲ್ಲ. ಈ ಸಂಖ್ಯೆ 0.2ರ ಒಳಗೆ ಬಂದರೆ ಕೆಲಸಕ್ಕೆ ಬರುತ್ತದೆ. ಭಾರತೀಯ ಮಾನದಂಡ ಐಎಸ್ 10500 ಪ್ರಕಾರ ಕುಡಿಯುವ ನೀರಿನಲ್ಲಿ ಫ್ಲೋರೈಡ್ ಲೀಟರಿಗೆ 1 ಮಿ.ಗ್ರಾಂ ಒಳಗಿರಬೇಕು. ಬೇರೆ ನೀರೇ ಸಿಗದಿದ್ದರೆ 1.5ರವರೆಗೆ. ನಿಮ್ಮ ಸೆನ್ಸರ್ 1ಕ್ಕೂ 1.5ಕ್ಕೂ ವ್ಯತ್ಯಾಸ ಹೇಳದಿದ್ದರೆ ಮುಂದೆ ಹೋಗಿ ಪ್ರಯೋಜನ ಇಲ್ಲ.

## ಹಂತ 8: ಸೆನ್ಸರ್ ಸುಳ್ಳು ಹೇಳುತ್ತಿದೆಯಾ?

ಸಕ್ಕರೆ ಪರೀಕ್ಷೆ: ಡಿಸ್ಟಿಲ್ಡ್ ವಾಟರ್ ಒಂದು ಲೋಟಕ್ಕೆ ಒಂದು ಚಮಚ ಸಕ್ಕರೆ ಹಾಕಿ, ಸ್ಪಾಡ್ನ್ಸ್ ಹಾಕದೆ ಓದಿ, ಬರೀ ನೀರಿನ ಜೊತೆ ಹೋಲಿಸಿ. ಬದಲಾವಣೆ ಇಲ್ಲದಷ್ಟು ಕಡಿಮೆ ಇರಬೇಕು. ಹಳೇ ಯು ಬೆಂಡ್ ಮನೆಯಲ್ಲಿದ್ದರೆ ಅದನ್ನೂ ಅದ್ದಿ ನೋಡಿ, ಮೊದಲ ಪ್ಯಾರಾದ ಗ್ರಾಫ್ ಎಲ್ಲಿಂದ ಬಂತು ಅಂತ ಗೊತ್ತಾಗುತ್ತದೆ.

ಬೆರೆಸುವ ಪರೀಕ್ಷೆ: ಇದನ್ನು ಮಾಡದವರ ಫಲಿತಾಂಶವನ್ನು ನಾನು ನಂಬುವುದಿಲ್ಲ. ಬೋರ್ ನೀರನ್ನು ಎರಡು ಪಾಲು ಮಾಡಿ. ಒಂದಕ್ಕೆ ಲೀಟರಿಗೆ 0.5 ಮಿ.ಗ್ರಾಂ ಆಗುವಷ್ಟು ಫ್ಲೋರೈಡ್ ಸೇರಿಸಿ. ಎರಡರ ವ್ಯತ್ಯಾಸ 0.45ರಿಂದ 0.55ರ ನಡುವೆ ಬರಬೇಕು. 0.2 ಬಂದರೆ ಆ ನೀರಿನಲ್ಲಿರುವ ಬೇರೆ ಏನೋ ಅಡ್ಡ ಬರುತ್ತಿದೆ. ನೀರಿನಲ್ಲಿ ಮೊದಲೇ ಇದ್ದದ್ದು, ನೀವು ಸೇರಿಸಿದ್ದು ಎರಡೂ ಸೇರಿ 1.4 ದಾಟದ ಹಾಗೆ ನೋಡಿಕೊಳ್ಳಿ.

ಅಡ್ಡ ಬರುವವರ ಪಟ್ಟಿಯಲ್ಲಿ ಮೊದಲ ಹೆಸರು ಅಲ್ಯೂಮಿನಿಯಂ. ಲೀಟರಿಗೆ 0.1 ಮಿ.ಗ್ರಾಂ ಇದ್ದರೂ ಸಾಕು, ಅದು ಫ್ಲೋರೈಡನ್ನು ಹಿಡಿದಿಟ್ಟುಕೊಂಡು ರೀಡಿಂಗ್ ಕಡಿಮೆ ಮಾಡುತ್ತದೆ. ಪಟಿಕ ಹಾಕಿ ತಿಳಿ ಮಾಡಿದ ನೀರಿನಲ್ಲಿ ಇದೇ ತೊಂದರೆ. ಪಟಿಕ, ಸುಣ್ಣ ಹಾಕಿ ಫ್ಲೋರೈಡ್ ತೆಗೆಯುವ ನಲ್ಗೊಂಡ ವಿಧಾನದ ನೀರನ್ನು ಈ ಸೆನ್ಸರ್‌ನಲ್ಲಿ ಅಳೆದು ಫ್ಲೋರೈಡ್ ಹೋಯಿತು ಅಂತ ಹೇಳುವುದು ಅಪಾಯ. ಬಣ್ಣ ಹಾಕಿ ಎರಡು ಗಂಟೆ ಬಿಟ್ಟು ಓದಿದರೆ ಅಲ್ಯೂಮಿನಿಯಂ ಕಾಟ ತುಂಬಾ ತಗ್ಗುತ್ತದೆ. ಮೊದಲ ಓದಿಗೂ ಎರಡು ಗಂಟೆಯ ಓದಿಗೂ ವ್ಯತ್ಯಾಸ ಬಂದರೆ ಅದೇ ಸುಳಿವು.

ಕ್ಲೋರಿನ್ ಉಲ್ಟಾ ಕೆಲಸ ಮಾಡುತ್ತದೆ. ಬಣ್ಣವನ್ನೇ ಬಿಳಿಚಿಸುತ್ತದೆ, ಇಲ್ಲದ ಫ್ಲೋರೈಡ್ ಕಾಣುತ್ತದೆ. ಸಲ್ಫೇಟ್ ಲೀಟರಿಗೆ 200 ಮಿ.ಗ್ರಾಂ ದಾಟಿದರೂ ರೀಡಿಂಗ್ ಸ್ವಲ್ಪ ಏರುತ್ತದೆ.

## ಹಂತ 9: ನಿಜವಾದ ಬೋರ್ ನೀರು

ಕೋಲಾರ, ಚಿಕ್ಕಬಳ್ಳಾಪುರ, ಪಾವಗಡ ಕಡೆಯವರಿಗೆ ಯಾಕೆ ಅಳೆಯಬೇಕು ಅಂತ ಹೇಳಬೇಕಾಗಿಲ್ಲ. ಹೇಗೆ ತರಬೇಕು ಅಂತ ಮಾತ್ರ ಹೇಳುತ್ತೇನೆ. ಓವರ್‌ಹೆಡ್ ಟ್ಯಾಂಕಿನಿಂದ ಬೇಡ, ಅಲ್ಲಿ ಬ್ಲೀಚಿಂಗ್ ಪೌಡರ್ ಹಾಕಿರುತ್ತಾರೆ. ಪಂಪಿನ ಬಾಯಿಂದಲೇ, ಐದು ಹತ್ತು ನಿಮಿಷ ನೀರು ಹರಿಸಿದ ಮೇಲೆ ಪ್ಲಾಸ್ಟಿಕ್ ಬಾಟಲಿಗೆ ಹಿಡಿಯಿರಿ. ಜಾಗ, ತಾರೀಖು ಬರೆಯಿರಿ. ಕೆಸರಿದ್ದರೆ ಫಿಲ್ಟರ್ ಪೇಪರ್‌ನಲ್ಲಿ ಸೋಸಿ.

ರೀಡಿಂಗ್ 1.4 ದಾಟಿದರೆ ಗೆರೆಯನ್ನು ಮುಂದಕ್ಕೆ ಎಳೆದು ಊಹಿಸಬೇಡಿ. ಡಿಸ್ಟಿಲ್ಡ್ ವಾಟರ್ ಸೇರಿಸಿ ನಾಲ್ಕು ಪಟ್ಟು ತೆಳು ಮಾಡಿ, ಓದಿ, ನಾಲ್ಕರಿಂದ ಗುಣಿಸಿ. ಪ್ರತಿ ಐದು ಸ್ಯಾಂಪಲ್ಲಿಗೆ ಒಂದು ಸಲ ಸೊನ್ನೆ, ಒಂದು ಸಲ 0.8 ಓದಿ. 0.8 ಅನ್ನುವುದು 0.7ರಿಂದ 0.9ರೊಳಗೆ ಬರದಿದ್ದರೆ ಹಿಂದಿನ ಐದನ್ನೂ ಮತ್ತೆ ಮಾಡಿ.

ಮೊದಲ ಸಲ ಮೂರ್ನಾಲ್ಕು ಸ್ಯಾಂಪಲ್ಲನ್ನು ಜಿಲ್ಲಾ ಮಟ್ಟದ ನೀರು ಪರೀಕ್ಷಾ ಪ್ರಯೋಗಾಲಯಕ್ಕೂ ಕೊಟ್ಟು ಹೋಲಿಸಿ. ಅದು ಆಗುವವರೆಗೆ ಯಾರ ಮನೆಯ ನೀರಿನ ಬಗ್ಗೆಯೂ ಒಳ್ಳೆಯದು ಕೆಟ್ಟದ್ದು ಅಂತ ಹೇಳಬೇಡಿ. ಕುದಿಸಿ ಕುಡಿಯಿರಿ ಅಂತಂತೂ ಹೇಳಲೇಬೇಡಿ. ಕುದಿಸಿದರೆ ನೀರು ಆವಿಯಾಗುತ್ತದೆ, ಫ್ಲೋರೈಡ್ ಪಾತ್ರೆಯಲ್ಲೇ ಉಳಿದು ಇನ್ನೂ ಗಟ್ಟಿಯಾಗುತ್ತದೆ.

## ಕೆಟ್ಟಾಗ ಎಲ್ಲಿ ನೋಡಬೇಕು

ರೀಡಿಂಗ್ ಒಂದೇ ಕಡೆಗೆ ನಿಧಾನಕ್ಕೆ ಜಾರುತ್ತಿದ್ದರೆ ಎಲ್‌ಇಡಿ ಇನ್ನೂ ಬಿಸಿಯಾಗಿಲ್ಲ, ಇಲ್ಲವೇ ಎರಡನೇ ಡಿಟೆಕ್ಟರ್ ಸಡಿಲ. ದಿಢೀರನೆ ಹಾರಿ ವಾಪಸ್ ಬಂದರೆ ಗುಳ್ಳೆ. ಹಾರಿ ಅಲ್ಲೇ ನಿಂತರೆ ಫೈಬರ್ ಅಲುಗಿದೆ, ಇಡೀ ಗ್ರಾಫನ್ನು ಹೊಸದಾಗಿ ಮಾಡಬೇಕು. ದಿನದಿಂದ ದಿನಕ್ಕೆ ಬೆಳಕು ಕಡಿಮೆಯಾಗುತ್ತಿದ್ದರೆ ತುದಿಯ ಮೇಲೆ ಬಣ್ಣ ಕಟ್ಟಿದೆ. ಸೋಪು ನೀರಿನಲ್ಲಿ ನೆನೆಸಿ ಮೆತ್ತನೆ ಬ್ರಷ್ ಆಡಿಸಿ. ಕಲೆ ಹೋಗುವುದಿಲ್ಲ ಅಂತ ಆಗಲೂ ಅಸಿಟೋನ್ ಹತ್ತಿರ ಹೋಗಬೇಡಿ. ಎಲ್ಲ ಸ್ಟ್ಯಾಂಡರ್ಡೂ ಒಂದೇ ರೀಡಿಂಗ್ ಕೊಟ್ಟರೆ ಮೊದಲು ಕತ್ತಲಿನ ರೀಡಿಂಗ್ ನೋಡಿ. ಸಿಗ್ನಲ್ ಅದರ ಹತ್ತಿರವೇ ಇದ್ದರೆ ಬೆಳಕೇ ಬರುತ್ತಿಲ್ಲ. ಬೆಳಕು ಬರುತ್ತಿದ್ದೂ ಹೀಗಾದರೆ ಎಲ್‌ಇಡಿಯ ಬಣ್ಣ ತಪ್ಪು.

ಹೊಸ ಬಾಟಲಿ ಸ್ಪಾಡ್ನ್ಸ್ ಒಡೆದ ದಿನ ಹಳೇ ಗ್ರಾಫ್ ಬಳಸಬೇಡಿ, ಐದೂ ದ್ರಾವಣಗಳನ್ನು ಮತ್ತೆ ಓದಿ.

## ಉಳಿದ ದ್ರಾವಣ

ಬಳಸಿದ್ದನ್ನೆಲ್ಲ ಒಂದು ಪ್ಲಾಸ್ಟಿಕ್ ಕ್ಯಾನಿನಲ್ಲಿ ಕೂಡಿಡಿ. ಆರ್ಸೆನಿಕ್ ಇಲ್ಲದ ದ್ರಾವಣವಾಗಿದ್ದರೆ ಅಡುಗೆ ಸೋಡಾ ಸ್ವಲ್ಪಸ್ವಲ್ಪವೇ ಹಾಕಿ, ನೊರೆ ಏಳುವುದು ನಿಲ್ಲುವವರೆಗೆ. ಒಂದೇ ಸಲ ಸುರಿದರೆ ಉಕ್ಕಿ ಕೈಮೇಲೆ ಬರುತ್ತದೆ. ಕ್ಯಾನಿನ ಮುಚ್ಚಳ ಆಗ ತೆರೆದಿರಲಿ, ಗಾಳಿ ಹೋಗಲು ಜಾಗ ಬೇಕು. ಆಮೇಲೆ ಬೇಕಾದಷ್ಟು ನೀರು ಬಿಟ್ಟು ಲ್ಯಾಬಿನ ಸಿಂಕಿಗೆ ಹಾಕಬಹುದು. ಆರ್ಸೆನೈಟ್ ಇರುವುದಾದರೆ ಸಿಂಕಿಗೂ ಇಲ್ಲ, ಮಣ್ಣಿಗೂ ಇಲ್ಲ. ಲೇಬಲ್ ಹಚ್ಚಿ ಕಾಲೇಜು ಲ್ಯಾಬಿನ ಅಪಾಯಕಾರಿ ತ್ಯಾಜ್ಯದ ಜೊತೆ ಕೊಡಿ.